ರೊಕ್ಕ ಕಟ್ಟಾತು, ಬಾಕ್ಸ್ ಕೂಗಲಿಲ್ಲ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೇರಿನ ಸಂಜೆ ಯಾವುದಾದರೂ ಮಿರ್ಚಿ-ಮಂಡಕ್ಕಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ. "ಯಣ್ಣಾ, ನನ್ನ ರೊಕ್ಕ ಕಟ್ಟಾಗ್ಯಾವ ನೋಡು." "ಬಾಕ್ಸ್ ಕೂಗಿಲ್ಲಪಾ, ಇನ್ನೊಮ್ಮೆ ಸ್ಕ್ಯಾನ್ ಮಾಡು." ಇಬ್ಬರದೂ ನಿಜವೇ. ಗಿರಾಕಿಯ ಖಾತೆಯಿಂದ ಹಣ ಹೋಗಿರುವುದೂ ನಿಜ, ಹಣ ಬಂತೆಂದು ಕೂಗಿ ಹೇಳುವ ಬಾಕ್ಸಿನಿಂದ ಅಂಗಡಿಯವರಿಗೆ ಸುದ್ದಿ ಬಾರದಿರುವುದೂ ನಿಜ. ತಪ್ಪು ಶುರುವಾಗುವುದು "ಇನ್ನೊಮ್ಮೆ" ಎಂಬಲ್ಲಿ.

ಈ ತೊಡಕು ಯುಪಿಐಗಿಂತ ಬಹಳ ಹಳೆಯದು. ಫೋನಿನಲ್ಲಿ ವ್ಯಾಪಾರ ನಡೆಸಬಹುದೆಂದು ಮೊದಮೊದಲಿಗೆ ಹೊರಟ ವ್ಯಾಪ್ (ಹಳೆಯ ಫೋನುಗಳ ಪುಟ್ಟ ಪರದೆಗೆ ಇಂಟರ್ನೆಟ್ ತರುವ) ತಂತ್ರಜ್ಞಾನದವರ ಮುಂದೆಯೂ ಇದೇ ಪ್ರಶ್ನೆ ಇತ್ತು. ಫೋನ್ ಕೇಳಿತು, ಉತ್ತರ ಬರಲಿಲ್ಲ. ಕೇಳಿದ್ದೇ ತಲುಪಲಿಲ್ಲವೋ, ಅಥವಾ ತಲುಪಿ, ಕೆಲಸವೂ ಮುಗಿದು, ಉತ್ತರ ಮಾತ್ರ ದಾರಿಯಲ್ಲಿ ಬಿದ್ದುಹೋಯಿತೋ? ಫೋನಿನ ಕಡೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಗಾಲಿ ಸುತ್ತುತ್ತಲೇ ಇರುತ್ತದೆ. ಅವರು ಇದಕ್ಕೆ ಕಂಡುಕೊಂಡ ಉಪಾಯ ಎಲ್ಲಿಯವರೆಗೆ ಸರಿ, ಎಲ್ಲಿ ಸಾಲದು ಎಂಬುದು ಗೊತ್ತಾದರೆ ಇವತ್ತು ಅಂಗಡಿಯಲ್ಲಿ ಏನು ಮಾಡಬೇಕೆಂಬುದು ಅರ್ಧ ತಿಳಿದಂತೆ.

ವ್ಯಾಪ್ ಫೋರಂ ಶುರುವಾದದ್ದು 1997ರಲ್ಲಿ. ಎರಿಕ್ಸನ್, ಮೊಟೊರೊಲಾ, ನೋಕಿಯಾ, ಅನ್‌ವೈರ್ಡ್ ಪ್ಲಾನೆಟ್ ಎಂಬ ನಾಲ್ಕು ಕಂಪನಿಗಳು ಸೇರಿ ಕಟ್ಟಿದ್ದು. 1998ರಲ್ಲಿ ಮೊದಲ ಆವೃತ್ತಿ ಬಂತು, 1999ರಲ್ಲಿ ನೋಕಿಯಾ 7110 ಬಂತು. ಆ ಫೋನಿನ ಪರದೆ 96 ಚುಕ್ಕೆ ಅಗಲ, 65 ಚುಕ್ಕೆ ಎತ್ತರ. ಕಪ್ಪು ಬಿಟ್ಟರೆ ಬೇರೆ ಬಣ್ಣವಿಲ್ಲ. ಪುಟಗಳನ್ನು ಬರೆಯಲು ಡಬ್ಲ್ಯೂಎಂಎಲ್ ಎಂಬ ಭಾಷೆ. ಇಸ್ಪೀಟಿನ ಲೆಕ್ಕದಲ್ಲಿ ಹೆಸರಿಟ್ಟಿದ್ದರು: ಒಮ್ಮೆಗೆ ಇಳಿಸಿಕೊಳ್ಳುವ ಇಡೀ ಕಂತೆ ಒಂದು ಡೆಕ್, ಪರದೆಯ ಮೇಲೆ ಒಂದು ಸಲಕ್ಕೆ ಕಾಣುವುದು ಒಂದು ಕಾರ್ಡ್. ಬೆಲೆಪಟ್ಟಿ ಒಂದು ಕಾರ್ಡ್, ಎಷ್ಟು ಬೇಕು ಎಂದು ಕೇಳುವುದು ಇನ್ನೊಂದು, ಖಚಿತಪಡಿಸುವುದು ಮತ್ತೊಂದು. ಮೂರೂ ಒಂದೇ ಡೆಕ್‌ನಲ್ಲಿದ್ದರೆ ಕಾರ್ಡಿನಿಂದ ಕಾರ್ಡಿಗೆ ಹೋಗಲು ನೆಟ್‌ವರ್ಕ್ ಬೇಕಿಲ್ಲ. ಇದು ನಿಜಕ್ಕೂ ಒಳ್ಳೆಯ ಯೋಚನೆ. ದುರ್ಬಲ ಸಂಪರ್ಕಕ್ಕೆ ಇಷ್ಟು ಮರ್ಯಾದೆ ಕೊಟ್ಟು ಬರೆದ ಆ್ಯಪ್‌ಗಳು ಇವತ್ತೂ ಕಡಿಮೆಯೇ.

ಆದರೆ ಡೆಕ್ಕಿಗೆ ಅಳತೆ ಇತ್ತು. ಗೇಟ್‌ವೇ ಎಂಬ ನಡುವಿನ ಕಂಪ್ಯೂಟರ್ ಪುಟವನ್ನು ಕುಗ್ಗಿಸಿ ಕಳಿಸುತ್ತಿತ್ತು: ಪುಟದೊಳಗಿನ ಪ್ರತಿ ಟ್ಯಾಗಿನ (ಆಜ್ಞೆಯ) ಹೆಸರಿಗೆ ಒಂದೊಂದು ಬೈಟಿನ ಗುರುತು. ಹೀಗೆ ಕುಗ್ಗಿಸಿದ ಮೇಲೂ 7110ರಲ್ಲಿ ಡೆಕ್ ಸುಮಾರು 1,400 ಬೈಟ್ ದಾಟುವಂತಿರಲಿಲ್ಲ. ದಾಟಿದರೆ ಅರ್ಧ ಪುಟವೂ ಬರುವುದಿಲ್ಲ, ಬರೀ ದೋಷದ ಸಂದೇಶ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಆಗಿನ ಜಿಎಸ್‌ಎಂ ಡೇಟಾ ಕರೆಯ ವೇಗ ಸೆಕೆಂಡಿಗೆ 9,600 ಬಿಟ್. 1,400 ಬೈಟ್ ಎಂದರೆ 11,200 ಬಿಟ್. ಅಂದರೆ ತುಂಬಿದ ಡೆಕ್ ಇಳಿಯಲು ಬೇಕಾದದ್ದು ಒಂದೇಕಾಲು ಸೆಕೆಂಡಿಗೂ ಕಡಿಮೆ. "ವ್ಯಾಪ್ ನಿಧಾನವಾಗಿತ್ತು, ಅದಕ್ಕೇ ಸತ್ತಿತು" ಎನ್ನುವವರು ಈ ಲೆಕ್ಕ ನೋಡಿರುವುದಿಲ್ಲ. ಕಾಯಿಸುತ್ತಿದ್ದದ್ದು ಕರೆ ಕೂಡಿಸುವ ಹೊತ್ತು. ಫೋನ್ ಮೊದಲು ಸಂಖ್ಯೆ ಒತ್ತಬೇಕು, ಆ ಕಡೆಯ ಮೋಡೆಮ್ ಎತ್ತಬೇಕು, ಹೆಸರು-ಗುಪ್ತಪದ ಒಪ್ಪಬೇಕು. ಇಷ್ಟಕ್ಕೆ ಇಪ್ಪತ್ತು ಮೂವತ್ತು ಸೆಕೆಂಡ್. ಮೇಲೆ ಮಾತಿನ ಕರೆಯಂತೆ ನಿಮಿಷದ ಬಿಲ್ಲು ಓಡುತ್ತಿತ್ತು. ಬೆಲೆ ಓದುತ್ತಾ ಯೋಚಿಸುವುದಕ್ಕೂ ದುಡ್ಡು ಕೊಡಬೇಕು. ಯೋಚಿಸಲು ಬಿಡದ ಅಂಗಡಿಯಲ್ಲಿ ಯಾರು ಕೊಳ್ಳುತ್ತಾರೆ?

ಜಪಾನಿನ ಡೊಕೊಮೊ ಕಂಪನಿ 1999ರ ಫೆಬ್ರುವರಿಯಲ್ಲಿ ತಂದ ಐ-ಮೋಡ್ ಇದನ್ನು ತಿರುಗಿಸಿ ಯೋಚಿಸಿತು. ಕರೆ ಕೂಡಿಸುವ ಕೆಲಸವೇ ಇಲ್ಲ, 128 ಬೈಟಿನ ಪ್ಯಾಕೆಟ್ಟಿಗೆ 0.3 ಯೆನ್. ಸರಕಿನ ಹಣವನ್ನು ಫೋನ್ ಬಿಲ್ಲಿನಲ್ಲೇ ವಸೂಲಿ ಮಾಡಿ, 9 ಪ್ರತಿಶತ ಇಟ್ಟುಕೊಂಡು ಉಳಿದದ್ದು ಮಾರಿದವರಿಗೆ. ನಮ್ಮಲ್ಲಿ ಕರೆ ಕೂಡಿಸುವ ಕಾಟ ತಪ್ಪಿಸಿದ್ದು ಜಿಪಿಆರ್‌ಎಸ್ ಎಂಬ ಡೇಟಾ ವ್ಯವಸ್ಥೆ. ಟವರಿನ ಒಂದು ಸರತಿಗೆ ಸೆಕೆಂಡಿಗೆ 13.4 ಕಿಲೋಬಿಟ್, ನಾಲ್ಕು ಸರತಿ ಸಿಕ್ಕರೆ 53.6. ಸಿಕ್ಕರೆ ಎಂದೆ, ಏಕೆಂದರೆ ಒಂದು ರೇಡಿಯೊ ಕಂಪನಾಂಕದಲ್ಲಿ ಇರುವುದೇ ಎಂಟು ಸರತಿ, ಮಾತಿನ ಕರೆಗಳಿಗೂ ಅದರಲ್ಲೇ ಪಾಲು.

ಆ ಕಾಲದ ಸೆಟ್ಟಿಂಗ್ಸ್ ಗೋಳಿನಲ್ಲಿ ಮುಖ್ಯವಾದದ್ದು ಪೋರ್ಟ್ ಸಂಖ್ಯೆ, ಅಂದರೆ ಆ ಕಡೆಯ ಕಂಪ್ಯೂಟರಿನ ಯಾವ ಬಾಗಿಲು ತಟ್ಟಬೇಕೆಂಬ ಗುರುತು. ಹಳೆಯ ವ್ಯಾಪ್ ಗೇಟ್‌ವೇಗೆ 9201, ವ್ಯಾಪ್ 2.0 ಬಂದ ಮೇಲೆ ಗೇಟ್‌ವೇಯ ಜಾಗಕ್ಕೆ ಬಂದ ಪ್ರಾಕ್ಸಿಗೆ ಸಾಮಾನ್ಯವಾಗಿ 8080. ಒಂದರ ವಿಳಾಸಕ್ಕೆ ಇನ್ನೊಂದರ ಪೋರ್ಟ್ ಹಾಕಿದರೆ ಜಿಪಿಆರ್‌ಎಸ್ ಚಿಹ್ನೆ ಕಾಣುತ್ತದೆ, ಸಂಪರ್ಕವೂ ಆಗುತ್ತದೆ, ಪುಟ ಮಾತ್ರ ಬರುವುದಿಲ್ಲ. ಪುಟ ಬರೆಯುವವರಿಗೆ ಬೇರೆ ಗುಂಡಿಗಳಿದ್ದವು. ಡಬ್ಲ್ಯೂಎಂಎಲ್‌ನಲ್ಲಿ $ ಗುರುತು ಚರಾಕ್ಷರಕ್ಕೆ (ಬಳಸುವವರು ಒತ್ತಿದ್ದನ್ನು ಹಿಡಿದಿಡುವ ಹೆಸರಿಗೆ) ಮೀಸಲು, ಡಾಲರ್ ಬೆಲೆ ತೋರಿಸಲು $$ ಎಂದು ಎರಡು ಸಲ ಬರೆಯಬೇಕು. ಫೋನ್ ಹಳೆಯ ಡೆಕ್ ಅನ್ನು ನೆನಪಿನಲ್ಲಿಟ್ಟುಕೊಂಡು ನಿನ್ನೆಯ ಬೆಲೆ ತೋರಿಸುತ್ತದೆ, ಆದ್ದರಿಂದ ಬೆಲೆಯ ಡೆಕ್ಕಿಗೆ ಆಯುಸ್ಸು ಸೊನ್ನೆ ಎಂದು ಹೇಳಿಯೇ ಕಳಿಸಬೇಕು. ಪಿನ್ ಕೇಳಿದ ನಂತರದ ಕಾರ್ಡಿನಲ್ಲಿ ಹಿಂದಿನ ಚರಾಕ್ಷರಗಳನ್ನೆಲ್ಲ ಅಳಿಸುವ ಆಜ್ಞೆ ಇರಬೇಕು. ಇಲ್ಲದಿದ್ದರೆ ಪಿನ್ ಫೋನಿನ ನೆನಪಿನಲ್ಲೇ ಉಳಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ವ್ಯಾಪ್‌ನ ಒಳಗೆ ಡಬ್ಲ್ಯೂಟಿಪಿ ಎಂಬ ಪದರವಿತ್ತು, ವಹಿವಾಟಿನ ಪದರ. ಫೋನ್ ಒಂದು ಕೋರಿಕೆ ಕಳಿಸುವಾಗ ಅದಕ್ಕೊಂದು ಕ್ರಮಸಂಖ್ಯೆ ಹಚ್ಚುತ್ತದೆ. ಸಂಖ್ಯೆ 16 ಬಿಟ್, ಅದರಲ್ಲಿ ಒಂದು ಬಿಟ್ ದಿಕ್ಕು ತೋರಿಸಲು ಹೋಗುತ್ತದೆ, ಹಾಗಾಗಿ ಒಟ್ಟು 32,768 ಸಂಖ್ಯೆಗಳು. ಉತ್ತರ ಬಾರದಿದ್ದರೆ ಫೋನ್ ಅದೇ ಸಂಖ್ಯೆಯೊಂದಿಗೆ, "ಇದು ಮರುಕಳಿಕೆ" ಎಂಬ ಗುರುತು ಹಚ್ಚಿ, ಮತ್ತೆ ಕಳಿಸುತ್ತದೆ. ಆ ಕಡೆಯವರು ಸಂಖ್ಯೆ ನೋಡಿ, ಇದನ್ನು ಆಗಲೇ ಮಾಡಿದ್ದರೆ ಕೆಲಸವನ್ನು ಮತ್ತೆ ಮಾಡುವುದಿಲ್ಲ, ಹಳೆಯ ಉತ್ತರವನ್ನೇ ಮತ್ತೆ ಕೊಡುತ್ತಾರೆ. ಕೋರಿಕೆ, ಉತ್ತರ, ಉತ್ತರ ಮುಟ್ಟಿತೆಂಬ ರಸೀತಿ: ಮೂರು ಪ್ಯಾಕೆಟ್‌ನಲ್ಲಿ ವಹಿವಾಟು ಮುಗಿಯಿತು. ಇಂಟರ್ನೆಟ್ಟಿನ ಮಾಮೂಲಿ ಪದ್ಧತಿಯಾದ ಟಿಸಿಪಿಯಲ್ಲಿ ಸಂಪರ್ಕ ಕಟ್ಟುವುದಕ್ಕೇ ಮೂರು ಪ್ಯಾಕೆಟ್ ಖರ್ಚು.

ಇಷ್ಟು ಚಂದದ ಉಪಾಯ ಎಲ್ಲಿ ಸೋಲುತ್ತದೆ? ಮನುಷ್ಯ ಮತ್ತೆ ಒತ್ತಿದಲ್ಲಿ. ಫೋನ್ ತಾನೇ ಮರುಕಳಿಸಿದರೆ ಸಂಖ್ಯೆ ಅದೇ. ಬೇಸತ್ತ ಗಿರಾಕಿ ಹಿಂದಿನ ಕಾರ್ಡಿಗೆ ಹೋಗಿ "ಕೊಳ್ಳಿ" ಎಂದು ಮತ್ತೆ ಒತ್ತಿದರೆ ಸಂಖ್ಯೆ ಹೊಸದು. ಜಾಲದ ಕಣ್ಣಿಗೆ ಅದು ಎರಡನೇ ಖರೀದಿ. ಹಾಗಾಗಿ ತಿಳಿದವರು ಹಣ ಕಟ್ಟುವ ಪುಟ ತೋರಿಸುವ ಮೊದಲೇ ಸರ್ವರ್‌ನಲ್ಲಿ ಒಂದು ಆರ್ಡರ್ ಸಂಖ್ಯೆ ಹುಟ್ಟಿಸಿ ಅದನ್ನು ಡೆಕ್ಕಿನೊಳಗೆ ಇಡುತ್ತಿದ್ದರು. ಎಷ್ಟು ಸಲ ಒತ್ತಿದರೂ ಆರ್ಡರ್ ಸಂಖ್ಯೆ ಒಂದೇ, ಹಣ ಒಮ್ಮೆಯೇ ಕಟ್ಟು.

ಯುಪಿಐ ಬಂದದ್ದು 2016ರ ಏಪ್ರಿಲ್‌ನಲ್ಲಿ. ಅಲ್ಲಿಯೂ ಪ್ರತಿ ಯತ್ನಕ್ಕೆ ಆ್ಯಪ್ ಒಂದು ಗುರುತು ಹಚ್ಚುತ್ತದೆ. ಗಿರಾಕಿಯ ಆ್ಯಪ್‌ನಿಂದ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಗೆ, ಅಲ್ಲಿಂದ ಅವರ ಬ್ಯಾಂಕಿಗೆ ಹೋಗಿ ಕಡಿತ, ಮತ್ತೆ ಎನ್‌ಪಿಸಿಐ, ಆಮೇಲೆ ಅಂಗಡಿಯವರ ಬ್ಯಾಂಕಿನಲ್ಲಿ ಜಮಾ, ಅಲ್ಲಿಂದ ಸುದ್ದಿ ವಾಪಸ್. ಈ ಸರಪಳಿಯಲ್ಲಿ ಯಾವ ಕೊಂಡಿ ತಡವಾದರೂ ಪರದೆಯಲ್ಲಿ "ಪೆಂಡಿಂಗ್" ಎಂದು ಬರುತ್ತದೆ. ಪೆಂಡಿಂಗ್ ಎಂದರೆ ಫೇಲ್ ಅಲ್ಲ. ಇನ್ನೂ ಗೊತ್ತಿಲ್ಲ ಎಂದರ್ಥ. ಆಗ ಮತ್ತೆ ಸ್ಕ್ಯಾನ್ ಮಾಡಿದರೆ ಹೊಸ ಗುರುತು, ಹೊಸ ಕಡಿತ. ಅಂಗಡಿಯ ಗೋಡೆಗೆ ಅಂಟಿಸಿದ ಮುದ್ರಿತ ಸ್ಕ್ಯಾನರ್‌ನಲ್ಲಿ (ನಮ್ಮ ಕಡೆ ಕ್ಯೂಆರ್ ಚೀಟಿಗೇ ಸ್ಕ್ಯಾನರ್ ಎನ್ನುವುದು) ಆರ್ಡರ್ ಸಂಖ್ಯೆ ಇರುವುದಿಲ್ಲ, ಅಂಗಡಿಯ ವಿಳಾಸ ಮತ್ತು ಹೆಸರು ಅಷ್ಟೇ. ಎರಡು ಸಲ ಬಂದ 60 ರೂಪಾಯಿ ಒಬ್ಬರದೋ ಇಬ್ಬರದೋ ಎಂದು ಅದು ಹೇಳಲಾರದು. ಬಳ್ಳಾರಿಯ ಜೀನ್ಸ್ ಸಗಟು ಅಂಗಡಿಗಳಂತೆ ಬಿಲ್ ಹಾಕಿ ಮಾರುವಲ್ಲಿ, ಬಿಲ್ಲಿಂಗ್ ಸಾಫ್ಟ್‌ವೇರ್ ಬಿಲ್ಲಿಗೊಂದು ಕ್ಯೂಆರ್ ತೋರಿಸುವಂತಿದ್ದರೆ ಅದನ್ನೇ ಬಳಸಿ. ಅದರೊಳಗೆ ಮೊತ್ತವೂ ಬಿಲ್ ಸಂಖ್ಯೆಯೂ ಇರುತ್ತವೆ, ಸಂಜೆ ಲೆಕ್ಕ ತಾಳೆ ನೋಡುವಾಗ ಯಾವ ಹಣ ಯಾವ ಬಿಲ್ಲಿನದು ಎಂದು ಹುಡುಕಬೇಕಿಲ್ಲ.

ಪಿನ್ ಗುಟ್ಟಾಗಿಡುವ ವಿಷಯವೂ ಹೀಗೆಯೇ ಹಳೆಯದು. ವ್ಯಾಪ್‌ನಲ್ಲಿ ಫೋನಿನಿಂದ ಗೇಟ್‌ವೇವರೆಗೆ ಒಂದು ಬೀಗ (ಬೇರೆಯವರು ಓದಲಾಗದಂತೆ ಮಾಡುವ ಗೂಢಲಿಪಿ), ಗೇಟ್‌ವೇಯಿಂದ ಬ್ಯಾಂಕಿನವರೆಗೆ ಬೇರೆ ಬೀಗ. ಒಂದನ್ನು ತೆಗೆದು ಇನ್ನೊಂದು ಹಾಕುವ ಕ್ಷಣದಲ್ಲಿ ಪಿನ್ ಗೇಟ್‌ವೇಯ ನೆನಪಿನಲ್ಲಿ ಬತ್ತಲಾಗಿ ನಿಲ್ಲುತ್ತಿತ್ತು. ಗೇಟ್‌ವೇ ಇರುತ್ತಿದ್ದದ್ದು ಮೊಬೈಲ್ ಕಂಪನಿಯ ಕೋಣೆಯಲ್ಲಿ. ಹಲವು ಬ್ಯಾಂಕುಗಳು ಇದನ್ನು ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ಕೆಲವು ಬ್ಯಾಂಕುಗಳು ತಮ್ಮದೇ ಗೇಟ್‌ವೇ ಇಟ್ಟುಕೊಂಡವು. ವ್ಯಾಪ್ 2.0 ಬಂದ ಮೇಲೆ ಫೋನಿನಿಂದ ಬ್ಯಾಂಕಿನವರೆಗೆ ಒಂದೇ ಬೀಗ ಸಾಧ್ಯವಾಯಿತು. ಯುಪಿಐ ಇನ್ನೂ ಒಂದು ಹೆಜ್ಜೆ ಮುಂದೆ: ಪಿನ್ ಕೇಳುವ ಪುಟ ಆ್ಯಪ್‌ನದಲ್ಲ, ಎನ್‌ಪಿಸಿಐ ಕೊಟ್ಟ ತುಣುಕಿನದು. ಅದು ಫೋನಿನೊಳಗೇ ಪಿನ್ನಿಗೆ ಬೀಗ ಹಾಕಿ ಕಳಿಸುತ್ತದೆ, ಆ್ಯಪ್ ಕಂಪನಿಯ ಸರ್ವರ್‌ಗೂ ಅದನ್ನು ಬಿಚ್ಚಿ ಓದಲಾಗದು. ಯಾವ ಆ್ಯಪ್ ಬಳಸಿದರೂ ಆ ಪುಟ ಒಂದೇ ರೀತಿ ಕಾಣುವುದು ಅದಕ್ಕೇ.

ಕೀಪ್ಯಾಡ್ ಫೋನಿನ *99# ದಾರಿಗೆ ಈ ರಕ್ಷಣೆ ಇಲ್ಲ. ಗಾಳಿಯಲ್ಲಿ, ಅಂದರೆ ಫೋನಿನಿಂದ ಟವರಿನವರೆಗೆ ಮಾತ್ರ ಜಿಎಸ್‌ಎಂನ ಬೀಗ. ಮೇಲಾಗಿ ಒತ್ತಿದ ಪಿನ್ ಪರದೆಯ ಮೇಲೆ ಅಂಕಿಯಾಗಿಯೇ ಕಾಣುತ್ತದೆ, ಚುಕ್ಕೆಯಾಗುವುದಿಲ್ಲ. ಪಕ್ಕದವರಿಗೆ ಬೆನ್ನು ಮಾಡಿ ಒತ್ತಬೇಕು, ಫೋನನ್ನು ಬೇರೆಯವರ ಕೈಗೆ ಕೊಟ್ಟು "ನೀವೇ ಒತ್ತಿಕೊಡ್ರಿ" ಎನ್ನಬಾರದು. ಆದರೂ ಸಿಂಧನೂರು, ಕಾರಟಗಿ ಕಡೆಯ ಹೊಲದ ನಡುವೆ ಇಂಟರ್ನೆಟ್ ಇಲ್ಲದೆ ಹಣ ಕಳಿಸಲು ಇದು ಒದಗುತ್ತದೆ. 2022ರಿಂದ ಇದಕ್ಕೆ ಮೊಬೈಲ್ ಕಂಪನಿಯ ಶುಲ್ಕವಿಲ್ಲ, ಒಮ್ಮೆಗೆ ಮಿತಿ 5,000 ರೂಪಾಯಿ. ಸಿಮ್ ಬ್ಯಾಂಕಿಗೆ ಕೊಟ್ಟ ಸಂಖ್ಯೆಯದೇ ಆಗಿರಬೇಕು, ಮತ್ತು ಬರೀ 4ಜಿ ಜಾಲದ ಸಿಮ್‌ನಲ್ಲಿ ಇದು ಸಾಮಾನ್ಯವಾಗಿ ನಡೆಯುವುದಿಲ್ಲ. ಮೆನು ತೆರೆದ ಮೇಲೆ ತಡ ಮಾಡಿದರೆ ಸಂಪರ್ಕ ಕಡಿದು ಮೊದಲಿನಿಂದ ಶುರುಮಾಡಬೇಕು. ಆದ್ದರಿಂದ ಕಳಿಸಬೇಕಾದ ಮೊಬೈಲ್ ಸಂಖ್ಯೆ, ಮೊತ್ತ ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡೇ *99# ಒತ್ತಿ. ಪಿನ್ ಒತ್ತಿದ ಮೇಲೆ ಕಡಿದರೆ ಮತ್ತೆ ಕಳಿಸಬೇಡಿ, ಮೊದಲು ಅದೇ ಮೆನುವಿನಲ್ಲಿ ಬ್ಯಾಲೆನ್ಸ್ ನೋಡಿ.

ಈ ಎಲ್ಲ ದಾರಿಗಳಲ್ಲಿ ಕನ್ನಡ ಯಾಕೆ ಹಿಂದೆ ಬಿತ್ತು ಎಂಬುದನ್ನು ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಒಂದು ಎಸ್ಸೆಮ್ಮೆಸ್ ಎಂದರೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್, ಹಾಗಾಗಿ 160 ಅಕ್ಷರ. ಕನ್ನಡಕ್ಕೆ 16 ಬಿಟ್, ಹಾಗಾಗಿ 70. ಆ ಎಪ್ಪತ್ತೂ ನಾವು ಎಣಿಸುವ ಅಕ್ಷರಗಳಲ್ಲ. "ಬಳ್ಳಾರಿ" ಎಂದರೆ ಕಣ್ಣಿಗೆ ಮೂರೇ ಅಕ್ಷರ: ಬ, ಳ್ಳಾ, ರಿ. ಫೋನಿಗೆ ಏಳು: ಬ, ಳ, ಅರ್ಧಾಕ್ಷರದ ಗುರುತು, ಮತ್ತೊಂದು ಳ, ಆಕಾರದ ದೀರ್ಘ, ರ, ಗುಡಿಸು. ಜಾಗ ಬಿಡದೆ ಹತ್ತು ಸಲ ಬಳ್ಳಾರಿ ಎಂದು ಬರೆದರೆ ಸಂದೇಶ ತುಂಬಿತು. ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಸಲ ಬರೆದರೂ ಜಾಗ ಉಳಿಯುತ್ತದೆ. ಆಮೇಲೆ ಮಾನದಂಡದಲ್ಲಿ ಕನ್ನಡಕ್ಕೂ 7 ಬಿಟ್‌ನ ಕೋಷ್ಟಕ ಸೇರಿತು, ಆದರೆ ಬಹುತೇಕ ಫೋನುಗಳು 70ರ ದಾರಿಯನ್ನೇ ಹಿಡಿದವು. *99#ನಂಥ ಮೆನುವಿಗೂ ಇದೇ ಪಾಡು: ಇಂಗ್ಲಿಷಿನಲ್ಲಿ 182 ಅಕ್ಷರ ಹಿಡಿಯುವ ಪರದೆ ಕನ್ನಡದಲ್ಲಿ 80ಕ್ಕೆ ಮುಗಿಯುತ್ತದೆ.

ಇದರಲ್ಲೇ ಇನ್ನೊಂದು ಸಣ್ಣ ಸಂಗತಿ. ₹ ಚಿಹ್ನೆ ಆ 7 ಬಿಟ್ ಇಂಗ್ಲಿಷ್ ಕೋಷ್ಟಕದಲ್ಲಿಲ್ಲ. ಇಡೀ ಇಂಗ್ಲಿಷ್ ಸಂದೇಶದಲ್ಲಿ ಒಂದೇ ಒಂದು ₹ ಬಂದರೂ ಎಲ್ಲ ಅಕ್ಷರಗಳೂ 16 ಬಿಟ್‌ಗೆ ಬದಲಾಗಿ ಮಿತಿ 160ರಿಂದ 70ಕ್ಕೆ ಕುಸಿಯುತ್ತದೆ, ಒಂದು ಸಂದೇಶದ ಜಾಗದಲ್ಲಿ ಎರಡೋ ಮೂರೋ ಹೋಗುತ್ತವೆ. ಗಿರಾಕಿಗಳಿಗೆ ಗುಂಪು ಸಂದೇಶ ಕಳಿಸುವ ಅಂಗಡಿಯವರು ಇದನ್ನು ಗಮನಿಸಿದರೆ ಬಿಲ್ಲಿನಲ್ಲಿ ಉಳಿತಾಯ ಕಾಣುತ್ತದೆ. ಮೊದಲ ವ್ಯಾಪ್ ಫೋನುಗಳಲ್ಲಿ ಕನ್ನಡ ಲಿಪಿಯೇ ಇರಲಿಲ್ಲ. ತೋರಿಸಲೇಬೇಕೆಂದರೆ ಸಾಲನ್ನು ಚಿತ್ರವಾಗಿ ಮಾಡಬೇಕು: 96 ಚುಕ್ಕೆ ಅಗಲ, 16 ಚುಕ್ಕೆ ಎತ್ತರ, ಚುಕ್ಕೆಗೊಂದು ಬಿಟ್, ಅಂದರೆ 192 ಬೈಟ್, ತಲೆಬರಹಕ್ಕೆ 4 ಸೇರಿ 196. ಚಿತ್ರ ಸಣ್ಣದೇ, ಆದರೆ ಪ್ರತಿ ಚಿತ್ರಕ್ಕೂ ಫೋನ್ ಬೇರೆ ಬೇರೆ ಕೋರಿಕೆ ಕಳಿಸಬೇಕು. ಐದು ಸಾಲಿನ ಬೆಲೆಪಟ್ಟಿಗೆ ಐದು ಸಲ ಕಾಯಬೇಕು.

ಮತ್ತೆ ಜಾತ್ರೆಗೆ. ಟವರ್ ಕಡ್ಡಿ ತುಂಬಿದ್ದರೂ ಗಾಲಿ ಸುತ್ತುವುದೇಕೆ? ಕಡ್ಡಿ ತೋರಿಸುವುದು ಟವರಿನ ದನಿ ನಿಮಗೆ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ಸರತಿ ಯಾವಾಗ ಎಂಬುದನ್ನಲ್ಲ. ಲಕ್ಷಾಂತರ ಜನ ಒಂದೇ ಬಯಲಿನಲ್ಲಿದ್ದಾಗ, "ನನಗೆ ಸರತಿ ಕೊಡಿ" ಎಂದು ಫೋನುಗಳು ಕೇಳುವ ಆ ಮೊದಲ ಸಣ್ಣ ಕೂಗುಗಳೇ ಒಂದಕ್ಕೊಂದು ಡಿಕ್ಕಿ ಹೊಡೆದು ಕಳೆದುಹೋಗುತ್ತವೆ. 2ಜಿಗೆ ಇಳಿದರೆ ಪಾರಾಗಬಹುದು ಎಂದುಕೊಂಡರೆ ಅಲ್ಲಿ ಎಸ್ಸೆಮ್ಮೆಸ್, *99#, ಕರೆ ಕೂಡಿಸುವುದು ಮೂರೂ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಹೋಗಬೇಕು. ಆ ದಾರಿಗೆಂದು ಮೀಸಲಿಟ್ಟ ಒಂದು ಸರತಿಯಲ್ಲಿ ಒಮ್ಮೆಗೆ ಎಂಟು ಜನಕ್ಕಷ್ಟೇ ಜಾಗ.

ಹಾಗಾಗಿ ಜಾತ್ರೆಯಲ್ಲಿ ಅಂಗಡಿ ಹಾಕುವವರಿಗೆ ನನ್ನ ಮೊದಲ ಸಲಹೆ, ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರುವ ಫೋನ್. ಬಾಕ್ಸ್‌ನೊಳಗಿನ ಸಿಮ್ ಯಾವ ಕಂಪನಿಯದೆಂದು ಮೊದಲೇ ಕೇಳಿಕೊಂಡು, ಅದಲ್ಲದ ಕಂಪನಿಯ ಸಿಮ್ ಫೋನಿನಲ್ಲಿರಲಿ. ಒಂದು ಕೈಕೊಟ್ಟರೆ ಇನ್ನೊಂದು ನೋಡಬಹುದು. ಸಣ್ಣ ಮೊತ್ತಕ್ಕೆ ಗಿರಾಕಿಗಳ ಫೋನಿನಲ್ಲಿ ಯುಪಿಐ ಲೈಟ್ (ಮೊದಲೇ ಸ್ವಲ್ಪ ಹಣ ತುಂಬಿಟ್ಟುಕೊಳ್ಳುವ ಯುಪಿಐ) ಇದ್ದರೆ ಅದನ್ನೇ ಬಳಸಲು ಹೇಳಿ. ಪಿನ್ ಬೇಡ, ಪ್ರತಿ ಸಲ ಗಿರಾಕಿಯ ಬ್ಯಾಂಕಿನ ಮುಖ್ಯ ಲೆಕ್ಕದವರೆಗೆ ಹೋಗಿಬರುವ ಕೊಂಡಿ ತಪ್ಪುತ್ತದೆ, ಪೆಂಡಿಂಗ್ ಆಗುವ ಸಂದರ್ಭವೇ ಕಡಿಮೆ. ಚಿಲ್ಲರೆ ಇಟ್ಟುಕೊಂಡಿರಿ, ಅದಕ್ಕೆ ಸಾಟಿ ಇನ್ನೂ ಯಾವುದೂ ಬಂದಿಲ್ಲ.

ಬಾಕ್ಸ್ ಬಗ್ಗೆ ಒಂದು ಎಚ್ಚರಿಕೆ. ಅದು ಹಣ ಎಣಿಸುವುದಿಲ್ಲ, ಸರ್ವರ್ ಹೇಳಿದ್ದನ್ನು ಕೂಗುತ್ತದೆ ಅಷ್ಟೇ. ಅದರ ಸಂಪರ್ಕ ಕಡಿದಿದ್ದರೆ ಹಣ ಬಂದರೂ ಸುಮ್ಮನಿರುತ್ತದೆ. ಕೆಲವು ಬಾಕ್ಸ್‌ಗಳು ಸಂಪರ್ಕ ಮರಳಿದ ಮೇಲೆ ಹಳೆಯದನ್ನೂ ಕೂಗುತ್ತವೆ. ಆಗ ಮುಂದೆ ನಿಂತ ಹೊಸ ಗಿರಾಕಿ ಕಟ್ಟದೆಯೇ ಕಟ್ಟಿದಂತಾಗಿ, ಮೊದಲು ಕಟ್ಟಿದವರೊಂದಿಗೆ ಜಗಳ ಉಳಿಯುತ್ತದೆ. ಕೂಗಿದ ಮೊತ್ತ ಮುಂದೆ ನಿಂತವರ ಮೊತ್ತವೇ ಎಂದು ಪ್ರತಿ ಸಲ ನೋಡಿ. ಗಂಗಾವತಿಯ ಅಕ್ಕಿ ಗಿರಣಿಗಳಂತೆ ತಗಡಿನ ಶೀಟಿನಡಿ ಕೂತು ವ್ಯಾಪಾರ ಮಾಡುವವರು ಬಾಕ್ಸನ್ನು ಕಬ್ಬಿಣದ ಕಪಾಟಿನ ಪಕ್ಕದಿಂದ ತೆಗೆದು ಬಾಗಿಲ ಕಡೆಗೆ ಇಟ್ಟರೆ ಎಷ್ಟೋ ತೊಂದರೆ ತಪ್ಪುತ್ತದೆ. ಆದರೆ ಬಿಸಿಲಿಗಲ್ಲ. ಒಳಗಿನ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡುವಂತಿಲ್ಲ. ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ ಬಂಡಿಯ ಮೇಲೆ ಬಿಸಿಲಿಗಿಟ್ಟ ಬಾಕ್ಸ್ ಆ ಗೆರೆಯನ್ನು ಬೇಗ ದಾಟುತ್ತದೆ, ವೈರ್ ಚುಚ್ಚಿದ್ದರೂ ಚಾರ್ಜ್ ಏರದೆ ಸಂಜೆ ಜನ ಸೇರುವ ಹೊತ್ತಿಗೆ ಆರಿರುತ್ತದೆ.

ಪೆಂಡಿಂಗ್ ಆದಾಗ ಮಾಡಬೇಕಾದದ್ದು: ಗಿರಾಕಿಯ ಆ್ಯಪ್‌ನ ಇತಿಹಾಸದಲ್ಲಿ ಆ ವಹಿವಾಟನ್ನು ತೆರೆಸಿ 12 ಅಂಕಿಯ ಯುಟಿಆರ್ ಸಂಖ್ಯೆ (ಪ್ರತಿ ವಹಿವಾಟಿಗೂ ಬೀಳುವ ಗುರುತು) ನೋಡಿ. ಸ್ಕ್ರೀನ್‌ಶಾಟ್ ಒಪ್ಪಬೇಡಿ, ಆ್ಯಪ್ ತೆರೆದೇ ನೋಡಿ. ಆಮೇಲೆ ನಿಮ್ಮ ಆ್ಯಪ್‌ನಲ್ಲೋ ಬ್ಯಾಂಕ್ ಲೆಕ್ಕದಲ್ಲೋ ಅದೇ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯ ಮೊದಲ ನಾಲ್ಕು ಅಂಕಿ ಸಾಮಾನ್ಯವಾಗಿ ದಿನವನ್ನು ಹೇಳುತ್ತವೆ: ಮೊದಲನೆಯದು ವರ್ಷದ ಕೊನೆಯ ಅಂಕಿ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಎಂಬುದು. 2026ರ ಜನವರಿ 20 ಆದರೆ 6020. ಇವತ್ತಿನದೆಂದು ತೋರಿಸಿದ ಸಂಖ್ಯೆ ಬೇರೆ ದಿನದ ಅಂಕಿಯಿಂದ ಶುರುವಾದರೆ ಇನ್ನೊಮ್ಮೆ ವಿಚಾರಿಸಿ. ಅದೊಂದನ್ನೇ ನಂಬಿ ಯಾರನ್ನೂ ಕಳ್ಳರೆನ್ನಬೇಡಿ, ಕೊನೆಯ ಮಾತು ನಿಮ್ಮ ಖಾತೆಯದು. ಹಣ ಬಂದಿಲ್ಲದಿದ್ದರೆ ಯುಟಿಆರ್‌ನ ಕೊನೆಯ ನಾಲ್ಕು ಅಂಕಿ, ಮೊತ್ತ, ಹೊತ್ತು ಬರೆದುಕೊಂಡು ಗಿರಾಕಿಗೂ ಒಂದು ಚೀಟಿ ಕೊಡಿ.

ಹಣ ಕಟ್ಟಾಗಿ ಮುಟ್ಟದಿದ್ದಾಗಿನ ಗಡುವನ್ನು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಬರೆದಿಟ್ಟಿದೆ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಆದರೆ ವಹಿವಾಟಿನ ದಿನ ಬಿಟ್ಟು ಒಂದು ದಿನದೊಳಗೆ, ವ್ಯಾಪಾರಿಯ ಕ್ಯೂಆರ್‌ಗೆ ಆದರೆ ಐದು ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗಿರಾಕಿ ಕೇಳದಿದ್ದರೂ ಬ್ಯಾಂಕ್ ಕೊಡಬೇಕು. ಬಂಡಿಯ ಮೇಲೆ ಅಂಟಿಸಿರುವುದು ನಿಮ್ಮ ಸ್ವಂತ ಖಾತೆಯ ಕ್ಯೂಆರೋ, ವ್ಯಾಪಾರಿ ಖಾತೆಯದೋ ಎಂಬುದರ ಮೇಲೆ ಗಿರಾಕಿ ಒಂದು ದಿನ ಕಾಯಬೇಕೋ ಐದು ದಿನವೋ ಎಂಬುದು ನಿಂತಿದೆ. ಚೀಟಿ ಕೊಡುವಾಗ ಅದನ್ನೂ ಬಾಯಿಮಾತಿನಲ್ಲಿ ಹೇಳಿ ಕಳಿಸಿ.